ಎಂಟಡಿ ಹಲಗೆ ಮೇಲೊಂದು ಘಾಟಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ರೈಲು ಹಾದಿ ಸುಮಾರು 55 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿ ನೋಡಿ, 632 ಮೀಟರ್ ಬರುತ್ತದೆ. 87 ಯಾಕೆ ಅಂದರೆ, ಮಾದರಿ ರೈಲು ಕಟ್ಟುವವರು ಜಗತ್ತಿನಾದ್ಯಂತ ಹೆಚ್ಚು ಬಳಸುವ ‘ಎಚ್‌ಒ’ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ ಇರುತ್ತದೆ. ಹಾಗಾಗಿ ನಮ್ಮ ಘಾಟಿಯನ್ನು ಇದ್ದ ಹಾಗೇ ಮನೆಯೊಳಗೆ ಕಟ್ಟಬೇಕೆಂದರೆ ಅರ್ಧ ಕಿಲೋಮೀಟರ್‌ಗಿಂತ ಉದ್ದದ ಮನೆ ಬೇಕು. ನಮ್ಮ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನನ್ನ ಪಾಲಿಗೆ ಬಂದಿರುವುದು ಹತ್ತಡಿ–ಎಂಟಡಿಯ ಒಂದು ಕೋಣೆ.

ಅದರಲ್ಲೇ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡೂವರೆ ವರ್ಷ ಆಯಿತು. ಹಲಗೆಗೆ ಎತ್ತರದ ಕಾಲು ಕೊಟ್ಟಿರುವುದರಿಂದ ಅದರ ಕೆಳಗೇ ನನ್ನ ಹಾಸಿಗೆ. ಮಲಗಿದಾಗ ಕಣ್ಣಿಗೆ ಮೊದಲು ಬೀಳುವುದು ಫ್ಯಾನ್ ಅಲ್ಲ, ಕೆಂಪು–ಕಪ್ಪು ವೈರ್‌ಗಳ ಬಳ್ಳಿ. ಗೆಳೆಯರು ಇದನ್ನು ‘ಸ್ಲೀಪರ್ ಕ್ಲಾಸ್’ ಅಂತಾರೆ.

ಸೈಟಿಲ್ಲದ ಲೇಔಟ್

ಈ ಹವ್ಯಾಸದಲ್ಲಿ ಹಳಿ, ಬೆಟ್ಟ, ನಿಲ್ದಾಣ, ವೈರಿಂಗ್ ಎಲ್ಲ ಸೇರಿದ್ದಕ್ಕೆ ‘ಲೇಔಟ್’ ಅನ್ನುತ್ತಾರೆ. ಆದರೆ ನಮ್ಮ ಕಡೆ ‘ಮನೇಲಿ ಲೇಔಟ್ ಮಾಡ್ತಿದೀನಿ’ ಅಂದು ನೋಡಿ, ‘ಸೈಟ್ ಏನ್ ರೇಟು?’ ಎಂಬ ಪ್ರಶ್ನೆ ಗ್ಯಾರಂಟಿ. ವಿಷಯ ತಿಳಿದ ಮೇಲೆ ಬರುವ ಎರಡನೇ ಪ್ರಶ್ನೆ, ‘ಬಿಇ ಓದ್ತಾ ಆಟದ ರೈಲಾ?’

ಈ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ‘ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್’ ಎಂಬ ಸಂಘ ಕಟ್ಟಿದರು. ಅಲ್ಲಿ ಕೆಲವರಿಗೆ ಹಲಗೆಯ ಮೇಲಿನ ರೈಲು, ಬೆಟ್ಟ, ಬಣ್ಣ ಇಷ್ಟ. ಇನ್ನು ಕೆಲವರಿಗೆ ಹಲಗೆಯ ಕೆಳಗಿನ ರಿಲೇ, ಸ್ವಿಚ್, ವೈರ್ ಇಷ್ಟ. ಟೆಲಿಫೋನ್ ವ್ಯವಸ್ಥೆಯ ಬಿಡಿಭಾಗಗಳಿಂದ ರೈಲು ನಿಯಂತ್ರಿಸುವ ಸರ್ಕ್ಯೂಟ್ ಕಟ್ಟುತ್ತಿದ್ದ ಈ ಎರಡನೇ ಗುಂಪಿನವರೇ ಮುಂದೆ ಕಂಪ್ಯೂಟರ್‌ಗೆ ಕೈಹಾಕಿದ್ದು. ಇವತ್ತು ನಾವೆಲ್ಲ ಬಳಸುವ ‘ಹ್ಯಾಕ್’, ‘ಹ್ಯಾಕರ್’ ಪದಗಳು ಕಂಪ್ಯೂಟರ್ ಲೋಕಕ್ಕೆ ಬಂದದ್ದು ಆ ಕ್ಲಬ್‌ನ ಮಾತಿನಿಂದ.

ಇಷ್ಟು ದೂರವೂ ಹೋಗಬೇಕಿಲ್ಲ. ಪುಣೆಯಲ್ಲಿ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇದೆ. ಒಬ್ಬ ವ್ಯಕ್ತಿಯ ಹವ್ಯಾಸ ಬೆಳೆದು ಜನ ಟಿಕೆಟ್ ಕೊಟ್ಟು ನೋಡುವಂತಾದ ಲೇಔಟ್ ಅದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಬಾಗಿಲು ತೆರೆದ ‘ಮಿನಿಯಾಟೂರ್ ವಂಡರ್‌ಲ್ಯಾಂಡ್’ ಇದೇ ಎಚ್‌ಒ ಅಳತೆಯದು. ಅಲ್ಲಿನ ಹಳಿ ಕಿಲೋಮೀಟರ್‌ಗಟ್ಟಲೆ, ನನ್ನದು ಹನ್ನೊಂದು ಮೀಟರ್.

‘ಗೇಜ್ ಕಮ್ಮಿ ಐತಲ್ಲೋ’

ನಮ್ಮಪ್ಪ ರೈಲ್ವೆಯಲ್ಲಿ ಕೀಮ್ಯಾನ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ತನ್ನ ಬೀಟ್‌ನ ಐದಾರು ಕಿಲೋಮೀಟರ್ ಹಳಿಯನ್ನು ದಿನವೂ ನಡೆದು ನೋಡುವುದು ಅವರ ಕೆಲಸ. ಸಡಿಲವಾದ ಕ್ಲಿಪ್ ಬಡಿದು ಕೂರಿಸಬೇಕು, ಬೋಲ್ಟ್ ಬಿಗಿ ಮಾಡಬೇಕು, ಹಳಿ ಬಿರುಕು ಬಿಟ್ಟಿದ್ದರೆ ಗಾಡಿ ನಿಲ್ಲಿಸಬೇಕು. ಸೆಕೆಂಡ್‌ ಹ್ಯಾಂಡ್‌ನಲ್ಲಿ ಕೊಂಡ ಮಾದರಿ ಹಳಿಗಳನ್ನು ನಾನು ನೆಲದ ಮೇಲೆ ಜೋಡಿಸಿ ಎಂಜಿನ್ ಇಟ್ಟ ದಿನ ಅಪ್ಪ ಬಾಗಿಲಲ್ಲೇ ನಿಂತು ನೋಡಿ ಹೇಳಿದ್ದು ಒಂದೇ ಮಾತು: ‘ಗೇಜ್ ಕಮ್ಮಿ ಐತಲ್ಲೋ.’

ಕ್ಯಾಲ್ಕ್ಯುಲೇಟರ್ ತೆಗೆದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಮಿ.ಮೀ. ಬರಬೇಕು. ಎಚ್‌ಒ ಹಳಿಯ ಅಂತರ 16.5 ಮಿ.ಮೀ. ಮಾತ್ರ. ಅದನ್ನು 87ರಿಂದ ಗುಣಿಸಿದರೆ ಸಿಗುವುದು 1,435 ಮಿ.ಮೀ., ಅಂದರೆ ಯುರೋಪ್–ಅಮೆರಿಕದ ಸ್ಟ್ಯಾಂಡರ್ಡ್ ಗೇಜ್. ಬೆಂಗಳೂರಿನ ನಮ್ಮ ಮೆಟ್ರೊ ಓಡುವುದೂ ಅದೇ ಅಳತೆಯಲ್ಲಿ. ಮೂರು ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸವನ್ನು ಅಪ್ಪ ಅಳತೆಪಟ್ಟಿ ಇಲ್ಲದೆ, ಎಂಟಡಿ ದೂರದಿಂದ ಹಿಡಿದಿದ್ದರು.

ಹತ್ತೊಂಬತ್ತು ಮಿಲಿಮೀಟರ್ ಹಳಿಯನ್ನು ಕೈಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಆಗ ಎಂಜಿನ್‌ನಿಂದ ಹಿಡಿದು ಪ್ರತಿ ವ್ಯಾಗನ್‌ವರೆಗೆ ಚಕ್ರ ಬದಲಿಸಬೇಕು. ಒಂದು ಹೊಸ ಎಂಜಿನ್‌ಗೇ ಹಲವು ಸಾವಿರ ರೂಪಾಯಿ ಕೇಳುವ ಈ ಹವ್ಯಾಸವನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ನಡೆಸುತ್ತಿರುವವನು ನಾನು. ಹಾಗಾಗಿ 16.5ಕ್ಕೇ ಒಪ್ಪಿಕೊಂಡೆ. ಎಲ್ಲಿ ರಾಜಿಯಾಗಬಹುದು, ಎಲ್ಲಿ ಆಗಬಾರದು ಎಂದು ಮೊದಲೇ ಬರೆದಿಟ್ಟುಕೊಂಡೆ. ಅಂತರ ಕಡಿಮೆಯಾದರೆ ಪರವಾಗಿಲ್ಲ, ಆದರೆ ಹಳಿಯ ಉದ್ದಕ್ಕೂ ಒಂದೇ ಸಮ ಇರಬೇಕು.

ಏರಿನ ಲೆಕ್ಕ

ನಮ್ಮ ಘಾಟಿಯ ಏರು 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಮಾದರಿ ರೈಲಿನಲ್ಲೂ ಇದಕ್ಕಿಂತ ಕಡಿದು ಮಾಡಬೇಡಿ ಎಂಬುದು ಅನುಭವಿಗಳ ಸಲಹೆ. ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಮಿತಿ ಎನ್ನುವುದು ನನಗೆ ಬಹಳ ಹಿಡಿಸಿತು.

ಹಿಡಿಸಿತು ಸರಿ, ಹಲಗೆ ಮೇಲೆ ಕೂರಿಸುವುದು ಹೇಗೆ? ಒಂದು ಹಳಿಯ ಮೇಲೆ ಇನ್ನೊಂದು ಸೇತುವೆಯಾಗಿ ಹಾದುಹೋಗಬೇಕಾದರೆ ಎರಡರ ನಡುವೆ ಕನಿಷ್ಠ ಏಳೂವರೆ ಸೆಂಟಿಮೀಟರ್ ಎತ್ತರ ಬೇಕು. 50ಕ್ಕೆ 1ರಂತೆ ಅಷ್ಟು ಏರಲು ಮೂರೂಮುಕ್ಕಾಲು ಮೀಟರ್, ಇಳಿಯಲು ಮತ್ತೆ ಅಷ್ಟೇ, ಒಟ್ಟು ಏಳೂವರೆ ಮೀಟರ್ ಹಳಿ. ನನ್ನ ಹಲಗೆಯಲ್ಲಿ ಒಂದು ಸುತ್ತಿಗೆ ಸಿಗುವುದು ಐದೂವರೆ ಮೀಟರ್. ಅದಕ್ಕೇ ಎರಡು ಸುತ್ತಿನ ನಕ್ಷೆ ಹಾಕಿದೆ. ಹೊರಸುತ್ತಿನ ತಿರುವಿಗೆ 22 ಇಂಚು ತ್ರಿಜ್ಯ, ಒಳಸುತ್ತಿಗೆ 18 ಇಂಚು. ಒಂದರಿಂದ ಇನ್ನೊಂದಕ್ಕೆ ಏರುತ್ತಾ ಹೋಗಿ, ತನ್ನದೇ ಹಳಿಯನ್ನು ಸೇತುವೆ ಮೇಲೆ ದಾಟಿ ಕೆಳಗಿಳಿಯುವ ಹಾದಿ. ಒಟ್ಟು ಹನ್ನೊಂದು ಮೀಟರ್. ಏರಿಳಿತ ಕಳೆದು ಉಳಿದ ಮೂರೂವರೆ ಮೀಟರ್ ಸಮತಟ್ಟಿನಲ್ಲಿ ಒಂದು ಪುಟ್ಟ ನಿಲ್ದಾಣ.

18 ಇಂಚಿನ ತಿರುವು ಎಷ್ಟು ಬಿಗಿ ಗೊತ್ತೇ? ನಿಜದಲ್ಲಿ ಅದು 40 ಮೀಟರ್ ತ್ರಿಜ್ಯದ ತಿರುವಿಗೆ ಸಮ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಅನುಮತಿ ಇರುವ ಅತಿ ಬಿಗಿ ತಿರುವು 10 ಡಿಗ್ರಿಯದು, ಅದರ ತ್ರಿಜ್ಯ 175 ಮೀಟರ್. ಅದನ್ನೇ ಅಳತೆಗೆ ಇಳಿಸಿದರೂ ಎರಡು ಮೀಟರ್ ತ್ರಿಜ್ಯ ಬೇಕು, ಅಂದರೆ ನನ್ನ ಕೋಣೆಯ ಗೋಡೆ ಒಡೆಯಬೇಕು. ಇಷ್ಟು ಬಿಗಿ ತಿರುವಿನಲ್ಲಿ ಉದ್ದದ ಬೋಗಿಗಳು ವಿಕಾರವಾಗಿ ಹೊರಚಾಚುತ್ತವೆ. ಅದಕ್ಕೇ ನನ್ನ ಘಾಟಿಯಲ್ಲಿ ಗೂಡ್ಸ್ ಗಾಡಿಯದೇ ಕಾರುಬಾರು. ಬಾಕ್ಸ್‌ಎನ್ ವ್ಯಾಗನ್ ಎಚ್‌ಒ ಅಳತೆಯಲ್ಲಿ ಹನ್ನೆರಡು ಸೆಂಟಿಮೀಟರ್ ಅಷ್ಟೇ. ಸನ್‌ಬೋರ್ಡ್ ಕತ್ತರಿಸಿ ಆರು ವ್ಯಾಗನ್ ಮಾಡಿಕೊಂಡಿದ್ದೇನೆ.

ತಿರುವಿನಲ್ಲಿ ಏರು ಬಂದರೆ ಎಂಜಿನ್‌ಗೆ ಎರಡು ಪಟ್ಟು ಕಷ್ಟ. ಅದಕ್ಕೆ ರೈಲ್ವೆ ಎಂಜಿನಿಯರ್‌ಗಳು ತಿರುವಿನ ಪ್ರತಿ ಡಿಗ್ರಿಗೆ ಏರನ್ನು ಶೇ 0.04ರಷ್ಟು ತಗ್ಗಿಸುತ್ತಾರೆ. ಅದನ್ನು ಓದಿ, ನಾನೂ ತಿರುವುಗಳಲ್ಲಿ ಏರನ್ನು ಸ್ವಲ್ಪ ತಗ್ಗಿಸಿ ನೇರ ಹಳಿಗೆ ಹಂಚಿದೆ. ಮೊದಲು ನಾಲ್ಕು ವ್ಯಾಗನ್‌ಗೇ ಚಕ್ರ ಜಾರುತ್ತಿದ್ದ ಎಂಜಿನ್ ಈಗ ಆರನ್ನೂ ಎಳೆಯುತ್ತದೆ.

ಮೂಲೆಯಲ್ಲಿ ಸುಸ್ತಾಗುವ ಎಂಜಿನ್

ಓಡಿಸಲು ಶುರು ಮಾಡಿದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಕಿಟಕಿ ಪಕ್ಕದ ಮೂಲೆಗೆ ಬಂದಾಗ ಗಾಡಿ ಸುಸ್ತಾಗುತ್ತಿತ್ತು. ಅಲ್ಲಿ ಏರೂ ಇಲ್ಲ. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಎಂಜಿನ್ ಬಿಚ್ಚಿ, ಚಕ್ರ ಒರೆಸಿ, ಎಣ್ಣೆ ಬಿಟ್ಟು ನೋಡಿದರೂ ಅದೇ ಕತೆ.

ಕೊನೆಗೆ ಗಾಡಿ ಆ ಮೂಲೆಯಲ್ಲಿ ಓಡುತ್ತಿರುವಾಗಲೇ ಮೀಟರ್ ಹಿಡಿದೆ. 12 ಇದ್ದದ್ದು ಒಂಬತ್ತಕ್ಕೆ ಬಿತ್ತು. ಗಾಡಿ ಎತ್ತಿದರೆ ಮತ್ತೆ 12. ಮೊದಲ ಸೆಮಿಸ್ಟರ್‌ನ ಓಮ್ಸ್ ಲಾ ಆಗ ಕಣ್ಣೆದುರು ಬಂತು. ಕರೆಂಟ್ ಹರಿಯದಿದ್ದರೆ ರೆಸಿಸ್ಟೆನ್ಸ್ ಎಷ್ಟಿದ್ದರೂ ವೋಲ್ಟೇಜ್ ಬೀಳುವುದಿಲ್ಲ. ಹಳಿಯ ತುಂಡುಗಳನ್ನು ಜೋಡಿಸುವ ಪುಟ್ಟ ಲೋಹದ ಜಾಯ್ನರ್ ಒಂದೊಂದರಲ್ಲೂ ಒಂಚೂರು ರೆಸಿಸ್ಟೆನ್ಸ್. ಮೂಲೆ ತಲುಪುವಷ್ಟರಲ್ಲಿ ಹತ್ತಾರು ಜಾಯ್ನರ್ ದಾಟಬೇಕು. ಮಲೆನಾಡಿನ ತೇವಕ್ಕೆ ಹಿತ್ತಾಳೆ ಹಳಿ ಬೇರೆ ಬೇಗ ಕಂದುತ್ತದೆ. ಕಂದಿದ ಪದರದ ಮೂಲಕ ಕರೆಂಟ್ ಸರಿಯಾಗಿ ಹಾಯುವುದಿಲ್ಲ.

ಇದನ್ನು ಸರಿಪಡಿಸಿದ್ದು ಹೀಗೆ. ಮನೆ ವೈರಿಂಗ್‌ಗೆ ಬಳಸುವ ಒಂದೂವರೆ ಚದರ ಮಿಲಿಮೀಟರ್ ದಪ್ಪದ ಎರಡು ವೈರ್‌ಗಳನ್ನು ಹಲಗೆಯ ಕೆಳಗೆ ಸುತ್ತಲೂ ಓಡಿಸಿದೆ. ಅದರಿಂದ ಮೀಟರಿಗೊಂದರಂತೆ ತೆಳು ವೈರ್ ಎಳೆದು ಹಳಿಗೆ ಬೆಸುಗೆ ಹಾಕಿದೆ. ನನ್ನ ಹಾಸಿಗೆಯ ಮೇಲಿನ ಬಳ್ಳಿ ಅದೇ. ಮುಂದೆ ಹಳಿ ಬದಲಿಸುವಾಗ ಒಂದೊಂದೇ ತುಂಡು ನಿಕಲ್ ಸಿಲ್ವರ್‌ನದು ತಂದೆ. ಹೆಸರಲ್ಲಿ ಬೆಳ್ಳಿ ಇದ್ದರೂ ಅದರಲ್ಲಿ ಬೆಳ್ಳಿ ಚೂರೂ ಇಲ್ಲ, ತಾಮ್ರ–ನಿಕಲ್–ಸತುವಿನ ಮಿಶ್ರಣ. ಆದರೆ ಹಿತ್ತಾಳೆಯಷ್ಟು ಕಾಟ ಕೊಡುವುದಿಲ್ಲ.

ಇದಾದ ಮೇಲೂ ಒಂದು ಕಡೆ ಮೂರನೇ ವ್ಯಾಗನ್ ಆಗಾಗ ಹಳಿ ತಪ್ಪುತ್ತಿತ್ತು. ವ್ಯಾಗನ್ ಬದಲಿಸಿದೆ, ತೂಕ ಹೆಚ್ಚಿಸಿದೆ. ಡ್ಯೂಟಿಯಿಂದ ಬಂದ ಅಪ್ಪ ಚಹಾ ಲೋಟ ಹಿಡಿದು ನೋಡುತ್ತಿದ್ದವರು, ‘ಗಾಡಿ ಏನ್ ಮಾಡುತ್ತೆ ಮಗಾ, ದಾರಿ ನೋಡು’ ಎಂದು ಹಳಿಯ ಒಳಬದಿಯಲ್ಲಿ ಬೆರಳು ಓಡಿಸಿದರು. ಒಂದು ಜಾಯಿಂಟ್ ಹತ್ತಿರ ಬೆರಳು ನಿಂತಿತು. ಕಣ್ಣಿಗೆ ಕಾಣದಷ್ಟು ಒಂದು ಮೆಟ್ಟಿಲು ಅಲ್ಲಿತ್ತು. ಅರದಲ್ಲಿ ನಾಲ್ಕು ಸಲ ಉಜ್ಜಿದ್ದಕ್ಕೆ ಸರಿಹೋಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಹಳಿ ಮುಟ್ಟಿದ ಬೆರಳು ಅದು.

ಹಿಂದಿನಿಂದ ತಳ್ಳುವ ಎಂಜಿನ್

ಸುಬ್ರಹ್ಮಣ್ಯ ರೋಡ್‌ನಿಂದ ಘಾಟಿ ಏರುವ ಗಾಡಿಗಳಿಗೆ ಹಿಂದೆ ‘ಬ್ಯಾಂಕರ್’ ಎಂಜಿನ್ ಕಟ್ಟುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ಬ್ಯಾಂಕರ್ ಇಲ್ಲದೆ ನಮ್ಮ ಘಾಟಿಯ ಮಾದರಿ ಪೂರ್ತಿಯಾಗದು. ಆದರೆ ಸಾಮಾನ್ಯ ಡಿಸಿ ವ್ಯವಸ್ಥೆಯಲ್ಲಿ ವೋಲ್ಟೇಜ್ ಹೋಗುವುದು ಹಳಿಗೆ. ಹಳಿ ಮೇಲಿರುವ ಎಲ್ಲ ಎಂಜಿನ್‌ಗಳೂ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಬ್ಯಾಂಕರನ್ನು ಮಾತ್ರ ಬಿಡಿಸಿ ಹಿಂದಕ್ಕೆ ಕಳಿಸುವುದು ಹೇಗೆ?

ಇದಕ್ಕೆ ಇರುವ ವ್ಯವಸ್ಥೆ ಡಿಸಿಸಿ, ಡಿಜಿಟಲ್ ಕಮಾಂಡ್ ಕಂಟ್ರೋಲ್. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆದರೆ ಅದರ ಧ್ರುವ ಬಹಳ ವೇಗವಾಗಿ ಅದಲುಬದಲಾಗುತ್ತಿರುತ್ತದೆ. ಅರ್ಧ ಅಲೆ 58 ಮೈಕ್ರೊಸೆಕೆಂಡ್ ಇದ್ದರೆ ಅದು ‘1’, 100 ಮೈಕ್ರೊಸೆಕೆಂಡ್ ಇದ್ದರೆ ‘0’. ಹೀಗೆ ಒಂದು–ಸೊನ್ನೆಗಳಲ್ಲಿ ವಿಳಾಸ, ಆದೇಶ, ಕೊನೆಗೆ ತಪ್ಪು ಪತ್ತೆಗೆ ಒಂದು ಬೈಟ್. ಪ್ರತಿ ಎಂಜಿನ್‌ನ ಹೊಟ್ಟೆಯಲ್ಲಿರುವ ಪುಟ್ಟ ಡೀಕೋಡರ್ ಎಲ್ಲವನ್ನೂ ಓದಿ, ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಪಾಲಿಸುತ್ತದೆ. ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಎಕ್ಸ್‌ಕ್ಲೂಸಿವ್ ಆರ್ ಗೇಟಿನ ಟ್ರೂತ್ ಟೇಬಲನ್ನು ಪರೀಕ್ಷೆಗೆ ಎಷ್ಟೋ ಸಲ ಬರೆದಿದ್ದೇನೆ. ಆ ಕೊನೆಯ ಬೈಟ್ ಸಿಗುವುದು ಅದೇ ಲೆಕ್ಕದಿಂದ ಎಂದು ತಿಳಿದ ದಿನ ಅದು ಬರೀ ಟೇಬಲ್ ಆಗಿ ಉಳಿಯಲಿಲ್ಲ.

ಸಿದ್ಧ ಡಿಸಿಸಿ ಕಂಟ್ರೋಲರ್ ನನ್ನ ಕೈಗೆಟುಕುವ ಬೆಲೆಯದಲ್ಲ. ಆದರೆ ಆರ್ಡಿನೊ ಬೋರ್ಡ್, ಮೋಟಾರ್ ಶೀಲ್ಡ್ ಇದ್ದರೆ ‘ಡಿಸಿಸಿ ಪ್ಲಸ್ ಪ್ಲಸ್’ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಕಿ ನಾವೇ ಕಟ್ಟಿಕೊಳ್ಳಬಹುದು. ಮಿನಿ ಪ್ರಾಜೆಕ್ಟ್‌ಗೆ ಕೊಂಡಿದ್ದ ಬೋರ್ಡ್ ಹೀಗೆ ಘಾಟಿ ಸೇರಿತು. ನಿಜವಾದ ಸವಾಲು ಆಮೇಲೆ ಬಂತು. ಎರಡು ಎಂಜಿನ್‌ಗಳ ವೇಗ ಒಂದೇ ಆಗಿರಬೇಕು. ಹಿಂದಿನದು ಒಂಚೂರು ಜೋರಾದರೂ ತಿರುವಿನಲ್ಲಿ ನಡುವಿನ ವ್ಯಾಗನ್ ಹೊರಗೆ ಚಿಮ್ಮುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗ ನಮ್ಮ ಅಳತೆಯಲ್ಲಿ ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಹಳಿ ಪಕ್ಕ ಒಂದು ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಮೊಬೈಲ್ ಸ್ಟಾಪ್‌ವಾಚ್ ಹಿಡಿದು, ಎರಡೂ ಎಂಜಿನ್ ಅದನ್ನು ಹತ್ತೂವರೆ ಸೆಕೆಂಡಿನಲ್ಲಿ ದಾಟುವವರೆಗೂ ಡೀಕೋಡರ್‌ನ ಅಂಕಿಗಳನ್ನು ತಿದ್ದುತ್ತಾ ಕೂತೆ. ಇಂಟರ್ನಲ್ಸ್ ಮುಗಿದ ವಾರದ ಎರಡು ರಾತ್ರಿ ಅದಕ್ಕೇ ಹೋದವು.

ಬೆಟ್ಟ, ಮಳೆ, ಎರಡು ಸೆಂಟಿಮೀಟರ್ ಮನುಷ್ಯ

ಬೆಟ್ಟ ಕಟ್ಟುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ಟಿವಿ, ಫ್ರಿಜ್ ಅಂಗಡಿಯವರು ಎಸೆಯುವ ಥರ್ಮೋಕೋಲ್ ಪೇರಿಸಿ, ಹಳೇ ಪೇಪರ್ ಪಟ್ಟಿ ಅಂಟಿಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಹುಲ್ಲಿಗೆ ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟು, ಪೊದೆಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರು. ಮಣ್ಣಿಗೆ, ನಮ್ಮೂರಲ್ಲಿ ಯಾವತ್ತೂ ಕೊರತೆ ಇಲ್ಲದ ಕಾಫಿ ಚರಟ. ಅದನ್ನು ಚೆನ್ನಾಗಿ ಒಣಗಿಸಿಯೇ ಬಳಸಬೇಕು, ಇಲ್ಲದಿದ್ದರೆ ಜೂನ್ ಬಂದ ಕೂಡಲೇ ಬೆಟ್ಟಕ್ಕೆ ಬೂಷ್ಟು ಹಿಡಿಯುತ್ತದೆ. ಮರಗಳ ವಿಷಯದಲ್ಲಿ ಒಂದು ಮಾತು. ಘಾಟಿಯ 30 ಮೀಟರ್ ಎತ್ತರದ ಮರ ಎಚ್‌ಒ ಅಳತೆಯಲ್ಲಿ 34 ಸೆಂಟಿಮೀಟರ್ ಆಗುತ್ತದೆ. ಅಂಥ ಮರ ನಾಲ್ಕು ನೆಟ್ಟ ಮೇಲೆಯೇ ನನ್ನ ಬೆಟ್ಟ ಕಾಡಿನಂತೆ ಕಂಡದ್ದು.

ಎಲ್ಲ ಮುಗಿಸಿ ಅಪ್ಪನನ್ನು ಕರೆದು ತೋರಿಸಿದೆ. ಸುರಂಗ, ಸೇತುವೆ, ಬ್ಯಾಂಕರ್ ಎಲ್ಲ ನೋಡಿ, ‘ಚೆನ್ನಾಗೈತೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಳಿ ಮೇಲೆ ಜನಾನೇ ಇಲ್ವಲ್ಲೋ’ ಅಂದರು.

ನಿಜ. ಈ ಘಾಟಿಯ ವಿಡಿಯೊ ರೀಲ್ಸ್‌ನಲ್ಲಿ ನೋಡದವರಿಲ್ಲ. ಮಂಜು, ಜಲಪಾತ, ಸೇತುವೆ ಮೇಲೆ ಬಳುಕುವ ರೈಲು ಎಲ್ಲ ಇರುತ್ತದೆ. ಆ ರೈಲಿಗೆ ಮುಂಚೆ ಅದೇ ಸೇತುವೆ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ನಡೆದುಹೋದವರು ಯಾವ ರೀಲ್ಸ್‌ನಲ್ಲೂ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಘಾಟಿಯ ಹಲವೆಡೆ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಾಗ ಅಪ್ಪ ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಿಸಲು ಮಾತ್ರ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿದಾಗಲೂ ಅಷ್ಟೇ. ಫೋನ್ ಸಿಗದ ಆ ಕಾಡಿನಿಂದ ಅವರು ವಾಪಸ್ ಬರುವವರೆಗೆ ಅಮ್ಮ ರಾತ್ರಿ ಅಡುಗೆಮನೆಯ ದೀಪ ಆರಿಸುತ್ತಿರಲಿಲ್ಲ. ನಾನು ಕಟ್ಟಿದ್ದು ಅದೇ ಘಾಟಿಯನ್ನು.

ಐದೂವರೆ ಅಡಿ ಮನುಷ್ಯ ಎಚ್‌ಒ ಅಳತೆಯಲ್ಲಿ ಎರಡು ಸೆಂಟಿಮೀಟರ್‌ಗೂ ಒಂಚೂರು ಕಡಿಮೆ. ತಾಮ್ರದ ತಂತಿ ಬಗ್ಗಿಸಿ, ಎಂ–ಸೀಲ್ ಮೆತ್ತಿ, ಕೇಸರಿ ಜಾಕೆಟ್‌ನ ಬಣ್ಣ ಹಚ್ಚಿ, ಹೆಗಲ ಮೇಲೊಂದು ಸುತ್ತಿಗೆ ಇಟ್ಟು ಸೇತುವೆಯ ಪಕ್ಕ ನಿಲ್ಲಿಸಿದೆ. ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನ ನೋಡಿದರೆ ಅವನು ಸೇತುವೆಯ ಆಚೆ ತುದಿಗೆ ಹೋಗಿದ್ದ. ಎದುರು ಬರುವ ಗಾಡಿ ಕಾಣುವ ಕಡೆಗೇ ನಿಲ್ಲಬೇಕಂತೆ.

ಎರಡು ತುಂಡು

ಬರುವ ಮೇ ತಿಂಗಳಿಗೆ ಅಪ್ಪನ ನಿವೃತ್ತಿ. ಅದಾದ ಕೆಲವೇ ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು. ಬಾಡಿಗೆ ಮನೆ ಎಷ್ಟು ದೊಡ್ಡದು ಸಿಗುತ್ತದೋ ಗೊತ್ತಿಲ್ಲ. ಎಂಟಡಿ ಹಲಗೆ ಗೂಡ್ಸ್ ಆಟೊದಲ್ಲೂ ಹಿಡಿಸುವುದಿಲ್ಲ. ‘ಕೆಲಸ ಸಿಗೋವರೆಗೆ ಎತ್ತಿಟ್ಟುಬಿಡು’ ಎನ್ನುವುದು ಅಮ್ಮನ ಮಾತು. ಪ್ಲೇಸ್‌ಮೆಂಟ್ ಸೀಸನ್ ಎದುರಿಗಿದೆ, ಆಪ್ಟಿಟ್ಯೂಡ್, ಕೋಡಿಂಗ್ ಅಭ್ಯಾಸ ಎಲ್ಲ ಬಾಕಿ ಇದೆ. ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ.

ಹಾಗಾಗಿ ಈ ದಸರಾ ರಜೆಯಲ್ಲಿ ಹಲಗೆಯನ್ನು ನಡುವೆ ಕೊಯ್ದೆ. ಈಗ ಅದು ನಾಲ್ಕಡಿ–ನಾಲ್ಕಡಿಯ ಎರಡು ತುಂಡು, ಬೋಲ್ಟ್ ಹಾಕಿದರೆ ಒಂದಾಗುತ್ತದೆ. ಬಾಗಿಲಲ್ಲಿ ಅಡ್ಡಡ್ಡ ಹಿಡಿದು ದಾಟಿಸಬಹುದು. ಕೊಯ್ದ ಗೆರೆಯನ್ನು ಹಾದಿ ನಾಲ್ಕು ಕಡೆ ದಾಟುತ್ತದೆ, ಅಂದರೆ ಎಂಟು ಹಳಿಗಳು ಕೂದಲಷ್ಟೂ ಆಚೀಚೆ ಆಗದಂತೆ ಕೂಡಬೇಕು. ಹಿತ್ತಾಳೆ ಸ್ಕ್ರೂ ಕೂರಿಸಿ ಅದರ ತಲೆಗೆ ಹಳಿಯ ತುದಿಗಳನ್ನು ಬೆಸೆದಿದ್ದೇನೆ. ಆರು ಜೋಡಿಸಿ ಆಯಿತು, ಎರಡು ಬಾಕಿ.

ಕಳೆದ ತಿಂಗಳು ಒಂದು ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿದ್ದೆ. ‘ನೀವೇ ಕಂಡುಹಿಡಿದ ಒಂದು ದೋಷದ ಬಗ್ಗೆ ಹೇಳಿ’ ಎಂದರು. ಮೂಲೆಯಲ್ಲಿ ಸುಸ್ತಾಗುವ ಎಂಜಿನ್ ಕತೆ ಹೇಳಿದೆ. ಮೀಟರನ್ನು ಗಾಡಿ ಓಡುವಾಗಲೇ ಯಾಕೆ ಹಿಡಿಯಬೇಕು ಎಂಬಲ್ಲಿಂದ ಮಾತು ಶುರುವಾಗಿ ಬಹಳ ಹೊತ್ತು ಅದರ ಸುತ್ತಲೇ ನಡೆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಈ ಹವ್ಯಾಸದಿಂದ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ನನ್ನ ರೆಸ್ಯೂಮೆಯಲ್ಲಿ ಯಾರು ಎಷ್ಟು ಕೆದಕಿದರೂ ಉತ್ತರ ಇರುವ ಸಾಲು ಅದೊಂದೇ ಎಂಬುದು ಮಾತ್ರ ಖಾತ್ರಿ.

ನಿಮಗೂ ಕೈ ತುರಿಸುತ್ತಿದ್ದರೆ, ಎಂಟಡಿ ಹಲಗೆಯಿಂದ ಶುರು ಮಾಡಬೇಡಿ. ಎರಡಡಿ ಹಲಗೆ, ಒಂದು ಹಳೇ ಎಂಜಿನ್, ನಾಲ್ಕು ತುಂಡು ಹಳಿ ಸಾಕು. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ ಹಳೇ ಎಂಜಿನ್‌ಗಳ ಚಕ್ರ ಹಳಿ ಮೇಲೆ ಹೇಗೆ ಕೂರುತ್ತದೆ ಎಂದು ಹತ್ತಿರದಿಂದ ನೋಡಿ. ಬೆಟ್ಟ, ಮರ ಆಮೇಲೆ ಇರಲಿ. ಮೊದಲು ಗಾಡಿ ನೂರು ಸಲ ತಪ್ಪದೆ ಓಡಲಿ. ತಪ್ಪಿದರೆ ಎಂಜಿನ್ ಬಿಚ್ಚುವ ಮುಂಚೆ ಹಳಿಯ ಮೇಲೊಮ್ಮೆ ಬೆರಳು ಓಡಿಸಿ.

ಉಳಿದ ಎರಡು ಜಾಯಿಂಟ್ ಈ ಭಾನುವಾರ ಮುಗಿಸಬೇಕು. ಬೆಸುಗೆ ನನ್ನದು, ಕೊನೆಯ ತಪಾಸಣೆ ಅಪ್ಪನದು. ಅವರು ‘ಪಾಸ್’ ಅನ್ನುವವರೆಗೆ ಗಾಡಿ ಬಿಡುವಂತಿಲ್ಲ.